ಆನ್‌ಲೈನ್ ಮನೋಚಿಕಿತ್ಸೆಗೆ ಊರಿನಲ್ಲೊಂದು ಬೆನ್ನೆಲುಬು ಬೇಕು: ಆರೋಗ್ಯ ಸಚಿವರಿಗೆ ಮತ್ತು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅಧ್ಯಕ್ಷರು ಮತ್ತು ಸದಸ್ಯರಿಗೆ ಗೌರವಪೂರ್ವಕ ನಮಸ್ಕಾರಗಳು.

ಮೊಬೈಲ್ ಪರದೆಯ ಮೇಲೆ ಆಪ್ತಸಮಾಲೋಚನೆ ಪಡೆಯುವವರು ಈಗ ಬೆಂಗಳೂರಿನ ಐಟಿ ಉದ್ಯೋಗಿಗಳು ಮಾತ್ರವಲ್ಲ. ಪದವಿ ಕಾಲೇಜಿನ ಹಾಸ್ಟೆಲ್ ಹುಡುಗರು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಹೊರದೇಶದಲ್ಲಿರುವ ಮಗನ ಒತ್ತಾಯಕ್ಕೆ ಫೋನ್ ಹಿಡಿದು ಕುಳಿತ ನಿವೃತ್ತ ಮೇಷ್ಟ್ರು, ಹೀಗೆ ಎಲ್ಲ ಬಗೆಯ ಜನರೂ ಈ ದಾರಿ ಹಿಡಿದಿದ್ದಾರೆ. ನಾನು ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ತರಬೇತಿ ಪಡೆದು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೊರೊನಾ ಕಾಲದಿಂದ ಈಚೆಗೆ ನನ್ನ ಕೆಲಸದ ಅರ್ಧ ಭಾಗ ಎದುರುಬದುರು ಕುಳಿತು ನಡೆದರೆ, ಉಳಿದರ್ಧ ವಿಡಿಯೊ ಕರೆಯಲ್ಲಿ ನಡೆಯುತ್ತದೆ. ಎರಡರ ಬಲವನ್ನೂ ಎರಡರ ಕೊರತೆಯನ್ನೂ ದಿನನಿತ್ಯ ನೋಡುತ್ತಿರುವುದರಿಂದ ಈ ಪತ್ರ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್ ಚಿಕಿತ್ಸೆ ಬೇಕು, ಅದನ್ನು ಅನುಮಾನದಿಂದ ದೂರ ಇಡುವ ಸ್ಥಿತಿಯಲ್ಲಿ ನಮ್ಮ ರಾಜ್ಯ ಇಲ್ಲ. ಆದರೆ ರೋಗಿ ಇರುವ ತಾಲ್ಲೂಕಿನಲ್ಲಿ ಅದರ ಬೆನ್ನಿಗೆ ಏನಿದೆ ಎಂಬುದರ ಮೇಲೆಯೇ ಅದರ ಸುರಕ್ಷತೆ ನಿಂತಿದೆ. ಕರೆಯ ಆ ತುದಿಯಲ್ಲಿ ಅರ್ಹ ವ್ಯಕ್ತಿ, ಈ ತುದಿಯಲ್ಲಿ ತುರ್ತಿಗೆ ಒದಗುವ ಆಸ್ಪತ್ರೆ, ನಡುವೆ ಹೇಳಿದ ಗುಟ್ಟನ್ನು ಕಾಯುವ ವ್ಯವಸ್ಥೆ ಇವು ಮೂರೂ ಇದ್ದರೆ ಅದು ಚಿಕಿತ್ಸೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ, ಸಂಕಟದಲ್ಲಿರುವ ಮನುಷ್ಯನಿಗೆ ನಾವು ಅಪಾಯವನ್ನು ಮಾರಿದಂತಾಗುತ್ತದೆ. ಈ ಮೂರನ್ನೂ ಖಾತರಿಪಡಿಸುವ ಅಧಿಕಾರ ಬಹುಮಟ್ಟಿಗೆ ತಮ್ಮ ಕೈಯಲ್ಲಿದೆ.

ಮೊದಲು ಅಗತ್ಯದ ಮಾತು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇರುವವರಲ್ಲಿ ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲವಾದರೂ ನಮ್ಮ ಸ್ಥಿತಿ ತೀರಾ ಬೇರೆ ಎಂದು ಭಾವಿಸಲು ಕಾರಣವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ನಮ್ಮ ರಾಜ್ಯದಲ್ಲಿ 13,606 ಆತ್ಮಹತ್ಯೆಗಳನ್ನು ದಾಖಲಿಸಿದೆ. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರದ ಸ್ಥಾನ ನಮ್ಮದು. ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಪೂರ್ತಿಯಾಗಿ ಇಲ್ಲ. ಆ ಪ್ರಮಾಣ 0.75 ಎಂಬುದು ಬಹುಕಾಲದಿಂದ ಎಲ್ಲರೂ ಒಪ್ಪಿರುವ ಲೆಕ್ಕ. ನಮ್ಮ ರಾಜ್ಯದಲ್ಲಿ ಇರುವವರಲ್ಲಿ ಹೆಚ್ಚಿನವರು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದಂಥ ನಗರಗಳಲ್ಲಿದ್ದಾರೆ.

ನಗರದಿಂದ ದೂರದಲ್ಲಿರುವವರಿಗೆ ಒಂದು ಭೇಟಿ ಎಂದರೆ ಒಂದು ಇಡೀ ದಿನ. ಬೆಳಗಿನ ಮೊದಲ ಬಸ್ಸಿಗೆ ಹೊರಟು, ಜಿಲ್ಲಾ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸರದಿಯಲ್ಲಿ ಕಾದು, ಹತ್ತು ನಿಮಿಷ ಮಾತನಾಡಿ, ಮಾತ್ರೆ ತೆಗೆದುಕೊಂಡು ಕೊನೆಯ ಬಸ್ಸಿಗೆ ಮರಳಬೇಕು. ಕೂಲಿಯವರಿಗೆ ಆ ದಿನದ ಸಂಬಳ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕಾಗಿ ಸರ್ಕಾರಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ‘ಎಲ್ಲಿಗೆ ಹೊರಟೆ, ಯಾಕೆ ಹೊರಟೆ’ ಎಂಬ ಪ್ರಶ್ನೆಗೆ ಉಚಿತ ಟಿಕೆಟ್ಟಿನಲ್ಲಿ ಉತ್ತರವಿಲ್ಲ. ಮನೋವೈದ್ಯರ ಕೊಠಡಿಯ ಮುಂದಿನ ಬೆಂಚಿನಲ್ಲಿ ಕುಳಿತದ್ದನ್ನು ನೆಂಟರೊಬ್ಬರು ನೋಡಿದರೆ ಸಾಕು, ಮನೆಯಲ್ಲಿರುವ ತಂಗಿಯ ಮದುವೆ ಮಾತುಕತೆಗೂ ಅದು ಅಡ್ಡ ಬರುತ್ತದೆಂಬ ಭಯ ಇಂದಿಗೂ ನಿಜ.

ಆನ್‌ಲೈನ್ ಚಿಕಿತ್ಸೆಯ ಮೊದಲ ಉಪಕಾರ ಇಲ್ಲಿದೆ. ನನ್ನಲ್ಲಿ ಮಾತನಾಡುವ ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ ಒಂಟಿಯಾಗಿ ಕೂರಲು ಸಿಗುವ ಜಾಗ ದನದ ಕೊಟ್ಟಿಗೆ ಒಂದೇ. ಹಾಲು ಕರೆದ ಮೇಲೆ ಬಕೆಟ್ ಪಕ್ಕಕ್ಕಿಟ್ಟು, ಹುಲ್ಲಿನ ಹೊರೆಯ ಮೇಲೆ ಕುಳಿತು ಫೋನ್ ಮಾಡುತ್ತಾರೆ. ಯಾರಾದರೂ ಅತ್ತ ಬಂದರೆ ‘ಡೇರಿಯ ಬಿಲ್ಲು ಇನ್ನೂ ಆಗಿಲ್ವಂತೆ ಅಕ್ಕ’ ಎಂದು ಮಾತು ತಿರುಗಿಸುವುದು ನಾವಿಬ್ಬರೂ ಮೊದಲೇ ಮಾತಾಡಿಕೊಂಡ ಸಂಕೇತ. ಆಗ ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ, ಅವರು ಮತ್ತೆ ಮಾತು ಎತ್ತುವವರೆಗೆ ಕಾಯುತ್ತೇನೆ. ಹೆರಿಗೆಯ ನಂತರ ಆರಂಭವಾದ ಖಿನ್ನತೆಯನ್ನು ಎರಡು ವರ್ಷ ಯಾರಿಗೂ ಹೇಳಿರದ ಆಕೆ ಇಂದು ನಿದ್ದೆ ಮಾಡುತ್ತಾರೆ, ಮಗುವಿನೊಂದಿಗೆ ಆಡುತ್ತಾರೆ. ಫೋನ್ ಇಲ್ಲದಿದ್ದರೆ ಅವರು ನನ್ನವರೆಗೆ, ಅಥವಾ ಬೇರೆ ಯಾರವರೆಗಾದರೂ, ಬರುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

ಇದು ನನ್ನೊಬ್ಬಳ ಅನುಭವದ ಮಾತಾಗಿ ಉಳಿಯಬೇಕಿಲ್ಲ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಗೆರ್ಹಾರ್ಡ್ ಆಂಡರ್ಸನ್ ಮತ್ತು ಅವರಂಥ ಸಂಶೋಧಕರು ಎರಡು ದಶಕಗಳಿಗೂ ಹೆಚ್ಚು ಕಾಲ ಈ ವಿಷಯವನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಆಲೋಚನೆಯ ಜಾಡು ಮತ್ತು ನಡವಳಿಕೆಯನ್ನು ಹಂತಹಂತವಾಗಿ ತಿದ್ದಿಕೊಳ್ಳಲು ಕಲಿಸುವ ಚಿಕಿತ್ಸಾಕ್ರಮವನ್ನು ಇಂಟರ್ನೆಟ್ ಮೂಲಕ, ತರಬೇತಾದ ಚಿಕಿತ್ಸಕರ ಮಾರ್ಗದರ್ಶನದಲ್ಲಿ ಕೊಟ್ಟಾಗ, ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆ, ಆತಂಕ, ದಿಢೀರನೆ ಎದೆ ಹೊಡೆದುಕೊಂಡು ಬರುವ ಗಾಬರಿಯ ಕಾಯಿಲೆ, ಜನರ ಮುಂದೆ ಬರಲು ಆಗುವ ವಿಪರೀತ ಭಯ ಇವುಗಳಲ್ಲಿ ಸಿಗುವ ಗುಣ ಮುಖಾಮುಖಿ ಚಿಕಿತ್ಸೆಯ ಗುಣಕ್ಕೆ ಹೆಚ್ಚುಕಡಿಮೆ ಸಮನಾಗಿದೆ. ಅದೇ ಸಂಶೋಧನೆಗಳು ಇನ್ನೊಂದು ಮಾತನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತವೆ: ಮಾರ್ಗದರ್ಶಕರಿಲ್ಲದೆ ಆ್ಯಪ್ ಒಂದನ್ನೇ ಕೈಗೆ ಕೊಟ್ಟರೆ ಪರಿಣಾಮ ತಗ್ಗುತ್ತದೆ, ಅರ್ಧಕ್ಕೇ ಬಿಡುವವರ ಸಂಖ್ಯೆ ಏರುತ್ತದೆ. ಅಂದರೆ ಗುಣ ಕೊಡುವುದರಲ್ಲಿ ದೊಡ್ಡ ಪಾಲು ಆ ತುದಿಯಲ್ಲಿರುವ ಮನುಷ್ಯನದ್ದು. ಆ್ಯಪ್‌ಗಳ ಜಾಹೀರಾತಿನಲ್ಲಿ ಮೊದಲರ್ಧದ ಮಾತು ಮಾತ್ರ ಇರುತ್ತದೆ ಎಂಬುದನ್ನು ತಾವು ಗಮನಿಸಬೇಕು.

ಇನ್ನು ಪರದೆಯಲ್ಲಿ ಕಾಣದೆ ಹೋಗುವುದರ ಬಗ್ಗೆ. ಕೋಣೆಗೆ ಬರುವ ವ್ಯಕ್ತಿಯನ್ನು ನಾವು ಅವರು ಮಾತು ಆರಂಭಿಸುವ ಮೊದಲೇ ಓದಲು ಶುರು ಮಾಡಿರುತ್ತೇವೆ. ನಡೆಯುವ ವೇಗ, ಬಟ್ಟೆ ಸಡಿಲವಾಗುವಷ್ಟು ಇಳಿದ ಮೈತೂಕ, ಸೆಖೆಯಲ್ಲೂ ಮಣಿಕಟ್ಟಿನವರೆಗೆ ಎಳೆದುಕೊಂಡ ತುಂಬುತೋಳು, ಉಸಿರಿನಲ್ಲಿ ಮದ್ಯದ ವಾಸನೆ, ಮಾತ್ರೆಯ ಅಡ್ಡಪರಿಣಾಮದಿಂದ ಬಂದ ಬೆರಳಿನ ನಡುಕ, ಹೆಂಡತಿ ಉತ್ತರಿಸುವ ಮೊದಲು ಗಂಡನ ಮುಖ ನೋಡುವ ಕ್ಷಣ ಇವೆಲ್ಲ ಕೊಠಡಿಯಲ್ಲಿ ತಾವಾಗಿ ತಿಳಿಯುವ ಸಂಗತಿಗಳು. ವಿಡಿಯೊದಲ್ಲಿ ಕಾಣುವುದು ಮುಖ ಮತ್ತು ಒಂದಿಷ್ಟು ಗೋಡೆ. ಸ್ವತಃ ಕೇಳಿ ತಿಳಿಯದ ಹೊರತು ಉಳಿದದ್ದು ಗೊತ್ತಾಗುವುದಿಲ್ಲ, ಹಾಗೆ ಕೇಳಬೇಕೆಂಬ ಎಚ್ಚರ ತರಬೇತಿಯಿಂದ ಮಾತ್ರ ಬರುತ್ತದೆ. ಸದಾ ಸುಸ್ತು, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲವೆಂದು ಬಂದವರಲ್ಲಿ ಕೆಲವರಿಗೆ ಇರುವುದು ಥೈರಾಯ್ಡ್ ತೊಂದರೆ ಅಥವಾ ರಕ್ತಹೀನತೆ. ಅದು ತಿಳಿಯಲು ರಕ್ತಪರೀಕ್ಷೆಯೇ ಆಗಬೇಕು, ಎಷ್ಟು ಸೆಷನ್ ಮಾತನಾಡಿದರೂ ಅದು ಹೊರಬರುವುದಿಲ್ಲ.

ಗಂಭೀರ ಕಾಯಿಲೆಗಳ ವಿಷಯ ಇನ್ನೂ ಸೂಕ್ಷ್ಮ. ಸ್ಕಿಜೋಫ್ರೀನಿಯಾದಲ್ಲಿ ಕಿವಿಯಲ್ಲಿ ಧ್ವನಿ ಕೇಳುತ್ತಿರುವ, ಮೊಬೈಲ್ ಮೂಲಕವೇ ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂದು ನಂಬಿರುವ ವ್ಯಕ್ತಿಯೊಂದಿಗೆ ಅದೇ ಮೊಬೈಲಿನಲ್ಲಿ ಚಿಕಿತ್ಸೆ ಆರಂಭಿಸುವುದು ಹೇಗೆ? ಬಾಣಂತಿ ಸನ್ನಿಯಲ್ಲಿ ತಾಯಿ ಮತ್ತು ಮಗು ಇಬ್ಬರ ಜೀವಕ್ಕೂ ಅಪಾಯ ಇರುವುದರಿಂದ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಮನಸ್ಸು ವಿಪರೀತ ಉತ್ಸಾಹಕ್ಕೂ ತೀವ್ರ ಖಿನ್ನತೆಗೂ ಜಿಗಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಪ್ರಮಾಣವನ್ನು ಕಾಲಕಾಲಕ್ಕೆ ಅಳೆಯದಿದ್ದರೆ ಔಷಧವೇ ವಿಷವಾಗಬಲ್ಲದು. ಇಂಥವರಿಗೆ ಆನ್‌ಲೈನ್ ಸಂಪರ್ಕ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಸ್ಥಿಮಿತಕ್ಕೆ ಬಂದ ಮೇಲೆ ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಲು, ಮನೆಯವರಿಗೆ ಧೈರ್ಯ ಹೇಳಲು ಅದರಷ್ಟು ಅನುಕೂಲದ ಸಾಧನ ಇನ್ನೊಂದಿಲ್ಲ. ಆದರೆ ಮೊದಲ ತಪಾಸಣೆ ಮತ್ತು ಕಾಯಿಲೆ ಉಲ್ಬಣಿಸಿದಾಗಿನ ಆರೈಕೆ ಮನುಷ್ಯರ ಸಮಕ್ಷಮದಲ್ಲೇ ಆಗಬೇಕು.

ತುರ್ತು ಸಂದರ್ಭದಲ್ಲಿ ದೂರವೇ ದೊಡ್ಡ ತೊಡಕು. ಸಾಯುವ ಯೋಚನೆ ಬರುತ್ತಿದೆ ಎಂದು ಹೇಳಿದ ಮರುಕ್ಷಣವೇ ಕರೆ ಕಡಿದುಹೋದರೆ, ಬೇರೆ ಊರಿನಲ್ಲಿರುವ ಚಿಕಿತ್ಸಕರಿಗೆ ಆ ವ್ಯಕ್ತಿಯ ಮನೆ ವಿಳಾಸ ಗೊತ್ತಿರುವುದಿಲ್ಲ, ಹತ್ತಿರದ ಆಸ್ಪತ್ರೆ ಯಾವುದೆಂದೂ ತಿಳಿದಿರುವುದಿಲ್ಲ. ಮೊದಲ ದಿನವೇ ವಿಳಾಸ, ನಂಬಿಕಸ್ಥ ಒಬ್ಬರ ಫೋನ್ ಸಂಖ್ಯೆ, ಹತ್ತಿರದ ಆಸ್ಪತ್ರೆಯ ಹೆಸರು ಇವನ್ನು ಬರೆದಿಟ್ಟುಕೊಳ್ಳುವುದು ಜವಾಬ್ದಾರಿಯುತ ಚಿಕಿತ್ಸಕರ ಪದ್ಧತಿ. ಅನೇಕ ಆ್ಯಪ್‌ಗಳಲ್ಲಿ ಗ್ರಾಹಕರು ಅಡ್ಡಹೆಸರಿನಿಂದ ಸೇರಬಹುದು, ಇದನ್ನು ಅವರು ಒಂದು ಆಕರ್ಷಣೆಯೆಂದೇ ಪ್ರಚಾರ ಮಾಡುತ್ತಾರೆ. ನಾಚಿಕೆಯಿಂದ ಹಿಂಜರಿಯುವವರಿಗೆ ಅದು ಬಾಗಿಲು ತೆರೆಯುತ್ತದೆ ನಿಜ, ಆದರೆ ಜೀವದ ಪ್ರಶ್ನೆ ಬಂದಾಗ ಯಾರನ್ನು ಎಲ್ಲಿ ಹುಡುಕಬೇಕೆಂದು ಯಾರಿಗೂ ತಿಳಿಯದ ಸ್ಥಿತಿಯನ್ನೂ ಅದೇ ತರುತ್ತದೆ. ಜರ್ಮನಿ, ಅಮೆರಿಕ, ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಮಕ್ಕಳು ಕನ್ನಡದಲ್ಲಿ ಮಾತನಾಡಬೇಕೆಂಬ ಆಸೆಯಿಂದ ಬೆಂಗಳೂರಿನ ಚಿಕಿತ್ಸಕರನ್ನು ಹುಡುಕಿಕೊಂಡು ಬರುವಾಗ ಈ ತೊಡಕು ಇನ್ನಷ್ಟು ಹೆಚ್ಚುತ್ತದೆ.

ನೆಟ್‌ವರ್ಕ್ ಕುರಿತು ಹೆಚ್ಚು ಹೇಳಬೇಕಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ನಾಡಿನವರೆಲ್ಲ ನೋಡಿದ್ದಾರೆ. ಪಾಠವನ್ನಾದರೆ ರಸ್ತೆ ಬದಿಯಲ್ಲಿ ಕುಳಿತು ಕೇಳಬಹುದು, ಮನಸ್ಸಿನ ನೋವನ್ನು ಹಾಗೆ ಹೇಳಿಕೊಳ್ಳಲಾಗುವುದಿಲ್ಲ. ಫೋನ್ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ನೂರಕ್ಕೆ 54 ಮಾತ್ರ. ಉಳಿದವರು ಗಂಡನದ್ದೋ ಮಗನದ್ದೋ ಫೋನಿನಲ್ಲಿ ಮಾತನಾಡಬೇಕು.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಪರದೆಯ ಆ ತುದಿಯಲ್ಲಿ ಕುಳಿತಿರುವವರು ಯಾರು?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಮಾನಸಿಕ ಆರೋಗ್ಯ ಶುಶ್ರೂಷಕರು ಮುಂತಾದವರನ್ನು ಮಾನಸಿಕ ಆರೋಗ್ಯ ವೃತ್ತಿಪರರೆಂದು ಗುರುತಿಸುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಮನೋವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಆದರೆ ಕೌನ್ಸೆಲರ್, ಥೆರಪಿಸ್ಟ್, ವೆಲ್‌ನೆಸ್ ಕೋಚ್ ಎಂಬ ಹೆಸರುಗಳನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಸ್ಥಿತಿ ಇದೆ. ಸ್ನಾತಕೋತ್ತರ ಪದವಿ ಪಡೆದು, ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಪಳಗಿದ ಆಪ್ತಸಮಾಲೋಚಕರೂ, ಕೆಲವು ವಾರಗಳ ಆನ್‌ಲೈನ್ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದವರೂ ಒಂದೇ ಆ್ಯಪ್‌ನಲ್ಲಿ, ಒಂದೇ ಅಳತೆಯ ಫೋಟೊದೊಂದಿಗೆ, ಅಕ್ಕಪಕ್ಕದಲ್ಲಿ ಕಾಣಿಸುತ್ತಾರೆ. ಇಬ್ಬರ ಹೆಸರಿನ ಕೆಳಗೂ ನಕ್ಷತ್ರಗಳ ಅಂಕ. ಸಂಕಟದಲ್ಲಿರುವವರು ಅವರಿಬ್ಬರ ನಡುವಿನ ವ್ಯತ್ಯಾಸವನ್ನು ಗುರುತಿಸುವುದಾದರೂ ಹೇಗೆ?

ಇದರ ಬೆಲೆ ಏನೆಂದು ತಿಳಿಸಲು ಒಂದು ಪ್ರಸಂಗ ಹೇಳಲೇಬೇಕಾಗಿದೆ. ಗುರುತು ತಿಳಿಯದಂತೆ ವಿವರ ಬದಲಿಸಿದ್ದೇನೆ. ಬೈಪೋಲಾರ್ ಕಾಯಿಲೆ ಇದ್ದು, ಮಾತ್ರೆಯಿಂದ ಹಲವು ವರ್ಷ ನೆಮ್ಮದಿಯಾಗಿದ್ದ ಯುವಕನೊಬ್ಬ ಕೆಲಸದ ಒತ್ತಡಕ್ಕೆಂದು ಒಂದು ಆ್ಯಪ್‌ನಲ್ಲಿ ‘ಕೋಚ್’ ಒಬ್ಬರನ್ನು ಹಿಡಿದ. ಐವತ್ತು ನಿಮಿಷದ ಸೆಷನ್‌ಗೆ ಸಾವಿರಕ್ಕೂ ಹೆಚ್ಚು ರೂಪಾಯಿ. ಮಾತ್ರೆಗಳು ನಿನ್ನ ಭಾವನೆಗಳನ್ನು ಅದುಮುತ್ತಿವೆ, ಉಸಿರಾಟದ ಅಭ್ಯಾಸ ಮಾಡು ಎಂಬ ಸಲಹೆ ಸಿಕ್ಕಿತು. ಆತ ಮಾತ್ರೆ ಬಿಟ್ಟ. ಮೊದಲು ನಿದ್ದೆ ಹೋಯಿತು, ಆಮೇಲೆ ವಿಪರೀತ ಉತ್ಸಾಹ ಬಂತು, ಸಾಲ ಮಾಡಿ ಯಾವುದೋ ವ್ಯವಹಾರಕ್ಕೆ ಹಣ ಹಾಕಿದ, ಕೊನೆಗೆ ಅಣ್ಣಂದಿರು ಹಿಡಿದುಕೊಂಡು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲಸವೂ ಹೋಯಿತು. ಅವರ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ದೂರು ಕೊಡೋಣ ಅಂದ್ರೆ ಯಾರಿಗೆ ಕೊಡಬೇಕಮ್ಮ?’ ಆ ಕೋಚ್ ವೈದ್ಯರಲ್ಲ, ಆದ್ದರಿಂದ ವೈದ್ಯಕೀಯ ಪರಿಷತ್ತಿಗೆ ದೂರು ಹೋಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ, ಆದ್ದರಿಂದ ಪುನರ್ವಸತಿ ಪರಿಷತ್ತಿಗೂ ಹೋಗುವುದಿಲ್ಲ. ಉಳಿಯುವುದು ಗ್ರಾಹಕರ ಆಯೋಗ, ಸೇವೆ ಸರಿಯಿಲ್ಲವೆಂದು ಹಣ ವಾಪಸು ಕೇಳುವ ದಾರಿ. ಆ ತಾಯಿಗೆ ಹಣ ಬೇಕಿರಲಿಲ್ಲ.

ಇಲ್ಲಿ ಕಾನೂನೇ ಇಲ್ಲವೆನ್ನುವಂತಿಲ್ಲ. ರಾಜ್ಯದಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟರು, ಶುಶ್ರೂಷಕರು ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ನೋಂದಾಯಿಸಿ ಅವರ ಪಟ್ಟಿಯನ್ನು ಪ್ರಕಟಿಸುವುದು 2017ರ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ರಾಜ್ಯ ಪ್ರಾಧಿಕಾರದ ಕರ್ತವ್ಯಗಳಲ್ಲೊಂದು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್ ಜೊತೆಗೂಡಿ ನಮ್ಮ ರಾಜ್ಯ, ಮಾನಸಿಕ ಆರೋಗ್ಯ ಸಂಸ್ಥೆಗಳ ಮತ್ತು ವೃತ್ತಿಪರರ ನೋಂದಣಿಯನ್ನು ಡಿಜಿಟಲ್ ರೂಪದಲ್ಲಿ ಇಡುವ ‘ಇ-ಮಾನಸ್’ ಎಂಬ ವ್ಯವಸ್ಥೆಯನ್ನೂ ಕಟ್ಟಿಕೊಂಡಿದೆ. ಹಾಗಿರುವಾಗ ಒಬ್ಬ ಸಾಮಾನ್ಯ ವ್ಯಕ್ತಿ ತನ್ನ ಚಿಕಿತ್ಸಕರ ಹೆಸರನ್ನೋ ನೋಂದಣಿ ಸಂಖ್ಯೆಯನ್ನೋ ಕನ್ನಡದಲ್ಲಿ ಟೈಪ್ ಮಾಡಿ, ಅವರ ಓದು, ನೋಂದಣಿಯ ಸ್ಥಿತಿ, ಅವರು ಮಾತನಾಡುವ ಭಾಷೆಗಳು, ಆನ್‌ಲೈನ್ ಸೇವೆ ಕೊಡುತ್ತಾರೆಯೇ ಎಂಬುದನ್ನು ಒಂದೇ ನಿಮಿಷದಲ್ಲಿ ನೋಡುವಂಥ ಸಾರ್ವಜನಿಕ ಪಟ್ಟಿಯನ್ನು ಸಿದ್ಧಪಡಿಸುವುದು ಅಸಾಧ್ಯದ ಮಾತಲ್ಲ. ಈ ಪಟ್ಟಿಯ ಹೊರಗೆ ಉಳಿಯುವ ಆಪ್ತಸಮಾಲೋಚಕರಿಗೆ 2021ರ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಒಂದು ನೆಲೆ ಒದಗಿಸುತ್ತದೆ. ಆ ಕಾಯ್ದೆಯಡಿ ರಾಜ್ಯ ಪರಿಷತ್ತಿನ ನೋಂದಣಿಯನ್ನು ಚುರುಕುಗೊಳಿಸಿದರೆ, ಪ್ರಾಮಾಣಿಕವಾಗಿ ದುಡಿಯುವ ಸಾವಿರಾರು ಆಪ್ತಸಮಾಲೋಚಕರಿಗೂ ಗೌರವದ ಗುರುತು ಸಿಗುತ್ತದೆ. ಅವರನ್ನು ದೂರವಿಡಬೇಕೆಂಬ ಉದ್ದೇಶ ನನಗೆ ಖಂಡಿತ ಇಲ್ಲ. ಮನೋವೈದ್ಯರ ಸಂಖ್ಯೆಯನ್ನು ನೋಡಿದರೆ, ಆಪ್ತಸಮಾಲೋಚಕರಿಲ್ಲದೆ ಈ ರಾಜ್ಯದ ಅಗತ್ಯ ತೀರುವುದೇ ಇಲ್ಲ.

ವೈದ್ಯರ ಮಟ್ಟಿಗೆ ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದೆ. ವೈದ್ಯರು ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು, ಆ್ಯಪ್ ನಡೆಸುವವರು ತಮ್ಮಲ್ಲಿರುವ ವೈದ್ಯರ ಅರ್ಹತೆಯನ್ನು ಪರಿಶೀಲಿಸಿರಬೇಕು ಎಂಬ ನಿಯಮಗಳು ಅದರಲ್ಲಿವೆ. ಔಷಧ ಬರೆಯದ, ಮಾತಿನಿಂದ ಚಿಕಿತ್ಸೆ ನೀಡುವ ಉಳಿದವರಿಗೆ ಇಂಥ ಬಿಗಿ ಚೌಕಟ್ಟು ಇಲ್ಲ. ಇದೇ ಮಾರ್ಗಸೂಚಿ ಇನ್ನೊಂದು ದೂರದೃಷ್ಟಿಯ ಮಾತನ್ನು ಹೇಳಿದೆ: ಕೃತಕ ಬುದ್ಧಿಮತ್ತೆಯನ್ನು ಆಧರಿಸಿದ ವ್ಯವಸ್ಥೆಗಳು ವೈದ್ಯರಿಗೆ ನೆರವಾಗಬಹುದೇ ಹೊರತು, ತಾವೇ ರೋಗಿಗಳಿಗೆ ಸಲಹೆ ಕೊಡುವಂತಿಲ್ಲ, ಔಷಧ ಸೂಚಿಸುವಂತಿಲ್ಲ. ಈಗ ಮಧ್ಯರಾತ್ರಿ ನಿದ್ದೆ ಬಾರದ ಹುಡುಗರು ತಮ್ಮ ಮನಸ್ಸನ್ನು ಚಾಟ್‌ಬಾಟ್‌ಗಳ ಮುಂದೆ ತೆರೆದಿಡುತ್ತಿರುವಾಗ ಆ ಮಾತಿನ ತೂಕ ಇನ್ನೂ ಹೆಚ್ಚಾಗಿದೆ. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ, ಪರವಾನಗಿ ಪಡೆದ ವೃತ್ತಿಪರರಿಲ್ಲದೆ ಯಂತ್ರವೇ ಮನೋಚಿಕಿತ್ಸೆ ನೀಡುವುದನ್ನು ಕಾನೂನಿನಿಂದ ನಿಷೇಧಿಸಿತು. ಒಂಟಿತನದ ಹೊತ್ತಿನಲ್ಲಿ ಒಂದು ಉತ್ತರ ಬಂತೆಂಬ ಸಮಾಧಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದನ್ನು ಚಿಕಿತ್ಸೆ ಎಂಬ ಹೆಸರಿನಲ್ಲಿ ಮಾರಲು ಬಿಡಬಾರದು.

ಗುಟ್ಟಿನ ರಕ್ಷಣೆಯ ವಿಷಯವೂ ಇಷ್ಟೇ ಗಂಭೀರ. ಹಳೆಯ ಕ್ಲಿನಿಕ್ಕುಗಳಲ್ಲಿ ರೋಗಿಯ ಕಡತ ಬೀರುವಿನಲ್ಲಿ ಇರುತ್ತಿತ್ತು, ಬೀಗದ ಕೈ ಒಬ್ಬರ ಬಳಿ ಇರುತ್ತಿತ್ತು. ಈಗ ಅದೇ ಮಾಹಿತಿ ಎಲ್ಲೋ ಇರುವ ಸರ್ವರ್‌ನಲ್ಲಿದೆ. ಫಿನ್ಲೆಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಕಳುವಾಗಿದ್ದ ಸುಮಾರು 33,000 ಮಂದಿಯ ದಾಖಲೆಗಳನ್ನು ಹಿಡಿದುಕೊಂಡ ದುಷ್ಕರ್ಮಿ, 2020ರಲ್ಲಿ ಸಂಸ್ಥೆಯನ್ನಷ್ಟೇ ಅಲ್ಲದೆ ರೋಗಿಗಳನ್ನೂ ಒಬ್ಬೊಬ್ಬರಾಗಿ ಬೆದರಿಸಿ ಹಣ ಕೇಳಿದ. ಆನ್‌ಲೈನ್ ಆಪ್ತಸಮಾಲೋಚನೆ ಒದಗಿಸುವ ಅಮೆರಿಕದ ಬೆಟರ್‌ಹೆಲ್ಪ್ ಕಂಪನಿಯ ಪ್ರಕರಣದಲ್ಲಿ ಹ್ಯಾಕರ್‌ನ ಅಗತ್ಯವೂ ಬೀಳಲಿಲ್ಲ. ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿನ ಸಲುವಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳೊಂದಿಗೆ ಹಂಚಿಕೊಂಡ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಪಾವತಿಸಬೇಕೆಂದು ಆದೇಶಿಸಿತು. ನಮ್ಮ 2017ರ ಕಾಯ್ದೆ ಗೋಪ್ಯತೆಯ ಹಕ್ಕನ್ನು ಡಿಜಿಟಲ್ ರೂಪದ ಮಾಹಿತಿಗೂ ವಿಸ್ತರಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕಡ್ಡಾಯ ಮಾಡಿದರೂ, ಆರೋಗ್ಯ ಮಾಹಿತಿಗೆಂದು ಹೆಚ್ಚು ಬಿಗಿಯಾದ ಪ್ರತ್ಯೇಕ ವರ್ಗವನ್ನು ಮಾಡಿಲ್ಲ. ಹತ್ತಾರು ಪುಟದ ಇಂಗ್ಲಿಷ್ ಷರತ್ತುಗಳ ಕೆಳಗೆ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತಿದ ಮಾತ್ರಕ್ಕೆ ಗದಗದ ಒಬ್ಬ ವಿದ್ಯಾರ್ಥಿನಿ ಒಪ್ಪಿಗೆ ಕೊಟ್ಟಳೆಂದು ಭಾವಿಸುವುದು ನ್ಯಾಯವಲ್ಲ. ಕರ್ನಾಟಕದಲ್ಲಿ ಸೇವೆ ಕೊಡುವ ಪ್ರತಿ ಆ್ಯಪ್ ತನ್ನ ಗೋಪ್ಯತಾ ನಿಯಮವನ್ನು ಸರಳ ಕನ್ನಡದಲ್ಲಿ ಒಂದು ಪುಟದಲ್ಲಿ ಹೇಳಬೇಕು, ಕರೆಯನ್ನು ಧ್ವನಿಮುದ್ರಿಸುತ್ತದೆಯೇ, ಎಷ್ಟು ಕಾಲ ಇಟ್ಟುಕೊಳ್ಳುತ್ತದೆ, ಯಾರಿಗೆ ತೋರಿಸುತ್ತದೆ ಎಂಬುದಕ್ಕೆ ನೇರ ಉತ್ತರ ಕೊಡಬೇಕು. ಕಂಪನಿಗಳು ತಮ್ಮ ನೌಕರರಿಗೆ ಉಚಿತವಾಗಿ ಒದಗಿಸುವ ಆ್ಯಪ್ ಸೇವೆಗಳಿಗೂ ಇದು ಅನ್ವಯಿಸಬೇಕು. ಎಚ್‌ಆರ್‌ಗೆ ತಿಳಿಯಬಹುದೆಂಬ ಹೆದರಿಕೆಯಿಂದ ಆ ಸೌಲಭ್ಯವನ್ನೇ ಬಳಸದ ಅನೇಕರನ್ನು ನಾನು ಬಲ್ಲೆ.

ಹಾಗಾದರೆ ಸರ್ಕಾರದ ಸ್ವಂತ ಸೇವೆಯ ಸ್ಥಿತಿ ಹೇಗಿದೆ? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಕೇಂದ್ರಬಿಂದು ನಮ್ಮ ನಿಮ್ಹಾನ್ಸ್ ಎಂಬುದು ಹೆಮ್ಮೆಯ ಸಂಗತಿ. 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು, 2024ರ ಅಕ್ಟೋಬರ್‌ನಲ್ಲಿ ಇದಕ್ಕೆ ಆ್ಯಪ್ ಮತ್ತು ವಿಡಿಯೊ ಸಮಾಲೋಚನೆಯೂ ಸೇರಿದವು. ಈ ಯೋಜನೆಯ ರಚನೆಯಲ್ಲೇ ಎರಡು ಹಂತಗಳಿವೆ: ಮೊದಲ ಹಂತದಲ್ಲಿ ಫೋನಿನಲ್ಲಿ ತರಬೇತಾದ ಆಪ್ತಸಮಾಲೋಚಕರು, ಎರಡನೆಯದರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ವೈದ್ಯಕೀಯ ಕಾಲೇಜು ಮುಂತಾದ ಕಡೆ ಮುಖಾಮುಖಿ ಆರೈಕೆ. ನಾನು ಕಂಡ ಮಟ್ಟಿಗೆ ಕೊಂಡಿ ಕಳಚುವುದು ಈ ಎರಡರ ನಡುವೆ. ಫೋನಿನಲ್ಲಿ ಸಮಾಧಾನ ಪಡೆದವರಿಗೆ ‘ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂಬ ಸಲಹೆ ಸಿಗುತ್ತದೆ, ಅವರು ಹೋದರೇ, ಅಲ್ಲಿ ಆ ದಿನ ವೈದ್ಯರಿದ್ದರೇ, ಮಾತ್ರೆ ಇತ್ತೇ ಎಂಬುದು ಕರೆ ಸ್ವೀಕರಿಸಿದ ಆಪ್ತಸಮಾಲೋಚಕರಿಗೆ ಮರಳಿ ತಿಳಿಯುವುದು ಕಷ್ಟ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯಬೇಕಾದ ಮನೋವೈದ್ಯರ ಕ್ಲಿನಿಕ್ ತಪ್ಪಿದರೆ, ಮೂವತ್ತು ಕಿಲೋಮೀಟರ್ ದೂರದಿಂದ ಬಂದವರು ಬರಿಗೈಯಲ್ಲಿ ಮರಳುತ್ತಾರೆ. ಹಾಗೆ ಮರಳಿದವರು ಮುಂದಿನ ಮಂಗಳವಾರ ಮತ್ತೆ ಬರುವುದು ಅಪರೂಪ.

ಆದ್ದರಿಂದ ನನ್ನ ಮುಖ್ಯ ವಿನಂತಿ ಇದು. ಆನ್‌ಲೈನ್ ಸೇವೆಯನ್ನು ತಾಲ್ಲೂಕು ಮಟ್ಟದ ಹುದ್ದೆಗಳಿಗೆ ಬದಲಿಯೆಂದು ಎಣಿಸಬೇಡಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಕಾಯಂ ಆಪ್ತಸಮಾಲೋಚಕರು ಅಥವಾ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಇರಲಿ. ಟೆಲಿ-ಮಾನಸ್‌ಗೆ ಆ ತಾಲ್ಲೂಕಿನಿಂದ ಬಂದ ಕರೆಯನ್ನು, ಕರೆ ಮಾಡಿದವರ ಒಪ್ಪಿಗೆಯೊಂದಿಗೆ, ಆಸ್ಪತ್ರೆಯ ಈ ಸಿಬ್ಬಂದಿಗೆ ತಲುಪಿಸುವ ವ್ಯವಸ್ಥೆಯಾಗಲಿ. ಅವರು ಮರುದಿನ ಕರೆ ಮಾಡಿ ವಿಚಾರಿಸಲಿ, ಬಂದವರನ್ನು ವೈದ್ಯರ ಬಳಿ ಕರೆದೊಯ್ಯಲಿ. ಆಸ್ಪತ್ರೆಯಲ್ಲೇ ಬಾಗಿಲು ಹಾಕಿಕೊಂಡು ಮಾತನಾಡಬಹುದಾದ ಒಂದು ಚಿಕ್ಕ ಕೊಠಡಿ, ಒಂದು ಕಂಪ್ಯೂಟರ್, ಒಳ್ಳೆಯ ಇಂಟರ್ನೆಟ್ ಒದಗಿಸಿದರೆ, ಮನೆಯಲ್ಲಿ ಏಕಾಂತವಿಲ್ಲದ, ಸ್ವಂತ ಫೋನಿಲ್ಲದ ಹೆಣ್ಣುಮಕ್ಕಳು ‘ಬಿಪಿ ತೋರಿಸಿಕೊಂಡು ಬರುತ್ತೇನೆ’ ಎಂದು ಹೇಳಿ ಬಂದು ಅಲ್ಲಿಂದಲೇ ನಿಮ್ಹಾನ್ಸ್‌ನ ಅಥವಾ ಧಾರವಾಡದ ಡಿಮ್ಹಾನ್ಸ್‌ನ ತಜ್ಞರೊಂದಿಗೆ ಮಾತನಾಡಬಹುದು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ತರಬೇತಿ ಪಡೆದು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲರೆಂದು ಅಂದು ತೋರಿಸಿಕೊಟ್ಟ ರಾಜ್ಯಕ್ಕೆ, ಆ ವೈದ್ಯರ ಮೇಜಿನ ಮೇಲೆ ಒಂದು ಪರದೆ ಇಟ್ಟು ತಜ್ಞರನ್ನು ಜೋಡಿಸುವುದು ಮೀರಿದ ಕೆಲಸವಲ್ಲ.

ಈ ಪತ್ರ ಓದುವ ಸಾರ್ವಜನಿಕರಲ್ಲೂ ಒಂದೆರಡು ಮಾತು. ಆನ್‌ಲೈನ್‌ನಲ್ಲಿ ಯಾರಿಗಾದರೂ ಹಣ ಕೊಡುವ ಮೊದಲು ಅವರ ಪೂರ್ಣ ಹೆಸರು, ಓದು, ನೋಂದಣಿ ಸಂಖ್ಯೆ ಕೇಳಿ. ಇದು ಅವಮಾನದ ಪ್ರಶ್ನೆಯಲ್ಲ, ಒಳ್ಳೆಯ ಚಿಕಿತ್ಸಕರು ಸಂತೋಷದಿಂದ ಹೇಳುತ್ತಾರೆ. ತುರ್ತು ಬಂದರೆ ಏನು ಮಾಡುತ್ತೀರೆಂದು ವಿಚಾರಿಸಿ. ವೈದ್ಯರು ಬರೆದ ಮಾತ್ರೆಯನ್ನು ವೈದ್ಯರಲ್ಲದವರ ಮಾತು ಕೇಳಿ ನಿಲ್ಲಿಸಬೇಡಿ. ನಾಲ್ಕೈದು ಸೆಷನ್ ಆದರೂ ಯಾವ ಬದಲಾವಣೆಯೂ ಕಾಣದಿದ್ದರೆ ಅದನ್ನು ಅವರಿಗೇ ಹೇಳಿ, ಬೇಕಾದರೆ ಬೇರೆಯವರನ್ನು ನೋಡಿ. ಬದುಕು ಸಾಕೆನಿಸುತ್ತಿದ್ದರೆ ಮಾತ್ರ ಇದಾವುದಕ್ಕೂ ಕಾಯದೆ ಈಗಲೇ 14416ಕ್ಕೆ ಕರೆ ಮಾಡಿ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ, ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಹೇಳಿ.

ಮಾನ್ಯರೇ, ಮೇಲೆ ಕೇಳಿದ ಎಲ್ಲವೂ ಒಂದೇ ವರ್ಷದಲ್ಲಿ ಆಗಲಾರದೆಂದು ನನಗೆ ಗೊತ್ತು. ಹುದ್ದೆ ಮಂಜೂರಾತಿಗೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ದತ್ತಾಂಶ ಕಾಯ್ದೆ ಕೇಂದ್ರದ ವ್ಯಾಪ್ತಿಗೆ ಸೇರಿದ್ದು. ಆದರೆ ನೋಂದಾಯಿತ ವೃತ್ತಿಪರರ ಪಟ್ಟಿಯನ್ನು ಕನ್ನಡದಲ್ಲಿ, ಎಲ್ಲರಿಗೂ ಹುಡುಕಲು ಬರುವಂತೆ ಪ್ರಕಟಿಸಲು ಮತ್ತು ಆನ್‌ಲೈನ್ ಸೇವೆಯ ಬಗೆಗಿನ ದೂರುಗಳನ್ನು ಸ್ವೀಕರಿಸುವ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಲು ಹೊಸ ಕಾನೂನು ಬೇಕಿಲ್ಲ. ಇವೆರಡನ್ನು ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಬರುವ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದೊಳಗೆ ಜಾರಿಗೆ ತರಬೇಕೆಂದು ಕೋರುತ್ತೇನೆ. ಪಟ್ಟಿಯ ಕರಡನ್ನು ಪರಿಶೀಲಿಸಲು, ಕನ್ನಡದ ಒಪ್ಪಿಗೆ ಪತ್ರದ ಮಾದರಿ ಬರೆದುಕೊಡಲು ನಾನೂ, ಈ ಭಾಗದ ನನ್ನ ಸಹೋದ್ಯೋಗಿಗಳೂ ಯಾವ ಸಂಭಾವನೆಯೂ ಇಲ್ಲದೆ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ